ಮಚ್ಚೆ ಏಳದ ಎಲೆಗಳು

ಕಳೆದ ತಿಂಗಳು ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸಿನಲ್ಲಿ ಯಾರೋ ವಾಂತಿ ಮಾಡಿಕೊಂಡರು. ಹಿಂದಿನ ಸೀಟಿನ ಹೆಂಗಸೊಬ್ಬರು ಬ್ಯಾಗಿನಿಂದ ಮಲ್ಲಿಗೆ ಸೆಂಟು ತೆಗೆದು ಸುತ್ತ ಚಿಮುಕಿಸಿದರು. ಹುಳಿ ನಾತಕ್ಕೆ ಮಲ್ಲಿಗೆ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಕಿಟಕಿ ಸರಿಸಿ ಮುಖ ಹೊರಗೆ ಹಾಕಿದೆ. ಆ ವಾಸನೆಯನ್ನು ನಾನು ಮೊದಲೇ ಬಲ್ಲೆ. ಅದನ್ನು ಬಾಟಲಿಗೆ ತುಂಬಿದವರಲ್ಲಿ ನಾನೂ ಒಬ್ಬಳು...

ಹನ್ನೆರಡು ವರ್ಷಗಳ ಹಿಂದೆ, ಬಿಎಸ್ಸಿ ಮುಗಿಸಿ ಶಿವಮೊಗ್ಗದ ಗೋಪಾಳದಲ್ಲಿದ್ದ ಒಂದು ಸಣ್ಣ ಖಾಸಗಿ ಪ್ರಯೋಗಾಲಯಕ್ಕೆ ಸೇರಿದ್ದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ಭದ್ರಾವತಿಯ ಜನ್ನಾಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರು. ಗಂಡನ ಕಾರ್ಖಾನೆ ಕೆಲಸ ಹೋದ ಮೇಲೆ ಮನೆ ನಡೆಯುತ್ತಿದ್ದದ್ದು ಅವರ ಸಂಬಳದಿಂದಲೇ.

ನಾವು ತಯಾರಿಸುತ್ತಿದ್ದದ್ದು ಬೆಳೆಗೆ ಸಿಂಪಡಿಸುವ ದ್ರಾವಣ. ಆಲೂಗಡ್ಡೆ ಬೇಯಿಸಿದ ನೀರಿಗೆ ಸಕ್ಕರೆ ಹಾಕಿ ಅದರಲ್ಲಿ ಬೂಷ್ಟು ಬೆಳೆಸುತ್ತಿದ್ದೆವು. ಬೆಳೆಯುತ್ತ ಬೆಳೆಯುತ್ತ ಅದು ನೀರಿಗೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ. ಬೂಷ್ಟನ್ನು ಪೂರ್ತಿ ಸೋಸಿ ತೆಗೆದರೂ ಅವು ಉಳಿಯುತ್ತವೆ. ತೆಳುವಾಗಿ ಸಿಂಪಡಿಸಿದರೆ ಸಾಕು, ಗಿಡವು ಶತ್ರು ಬಂದನೆಂದೇ ತಿಳಿದು ತನ್ನ ಜೀವಕೋಶಗಳ ಗೋಡೆಯನ್ನು ಗಟ್ಟಿ ಮಾಡಿಕೊಂಡು ಕಾಯುತ್ತದೆ. ಮುಂದೆ ನಿಜವಾದ ರೋಗ ಬಂದರೆ ಸುಲಭಕ್ಕೆ ಬಗ್ಗುವುದಿಲ್ಲ.

ದ್ರಾವಣ ಸರಿಯಿದೆಯೇ ಎಂದು ನೋಡಲು ಅಕ್ಕ ಸೂಜಿಯಿಲ್ಲದ ಸಿರಿಂಜನ್ನು ಟೊಮೆಟೊ ಎಲೆಯ ಹಿಂಬದಿಗೆ ಒತ್ತಿ ಒಂದು ಹನಿ ಒಳಗೆ ಬಿಡುತ್ತಿದ್ದರು. ಮಾರನೆಯ ದಿನ ಅಷ್ಟೇ ಜಾಗ ಒಣಗಿ ಕಂದು ಮಚ್ಚೆ ಎದ್ದಿರುತ್ತಿತ್ತು. ಮೊದಲ ಸಲ ನೋಡಿದಾಗ ರೋಗ ಬಂತೆಂದು ನಾನು ಹೆದರಿದೆ.

“ರೋಗ ಅಲ್ಲ ಮಾರಾಯ್ತಿ. ಆ ಜಾಗನ ಗಿಡಾನೇ ಸಾಯಿಸ್ಕೊಂಡಿದೆ. ಬೂಷ್ಟು ಮುಂದಕ್ಕೆ ಹೋಗ್ಬಾರ್ದಲ್ಲ,” ಎಂದಿದ್ದರು.

ಮಚ್ಚೆ ಎದ್ದರೆ ಬಾಟಲಿಗೆ, ಏಳದಿದ್ದರೆ ಮೋರಿಗೆ. ಅದು ಅವರ ನಿಯಮ.

ಆ ಬೇಸಿಗೆಯಲ್ಲಿ ಎರಡು ದಿನ ಕರೆಂಟು ಹೋಗಿ, ತಂಪು ತಪ್ಪಿ ಡ್ರಮ್ಮುಗಳಲ್ಲಿದ್ದದ್ದೆಲ್ಲ ಕೊಳೆಯಿತು. ಮುಚ್ಚಳ ತೆಗೆದರೆ ಹಳದಿ ಲೋಳೆ, ಸತ್ತ ಇಲಿಯಂಥ ಹುಳಿ ನಾತ. ಆದರೂ ಅಕ್ಕ ಹತ್ತು ಎಲೆಗಳಿಗೆ ಹಾಕಿ ನೋಡಿದರು. ಒಂದರಲ್ಲೂ ಮಚ್ಚೆ ಏಳಲಿಲ್ಲ. ಚೆಲ್ಲಬೇಕೆಂದು ಪುಸ್ತಕದಲ್ಲಿ ಬರೆದರು. ಮಾಲೀಕರು ಬಂದು ಮೂಗು ಮುಚ್ಚಿಕೊಂಡು ಇಣುಕಿ, ಲೋಳೆ ಸೋಸಿ ಮಲ್ಲಿಗೆ ಸೆಂಟು ಹಾಕಿ ತುಂಬಿ ಎಂದರು. ಅಕ್ಕ ತಮ್ಮ ಕೈಯಿಂದ ಆಗುವುದಿಲ್ಲ ಎಂದರು.

ಮಾಲೀಕರು ವಾದ ಮಾಡಲಿಲ್ಲ. ನನ್ನನ್ನು ಒಳಗೆ ಕರೆದು, ಹೊಸ ಹಾಳೆಯಲ್ಲಿ ಫಲಿತಾಂಶ ಬರೆದು ಸಹಿ ಹಾಕಿದರೆ ಕೆಲಸ ಕಾಯಂ ಮಾಡುತ್ತೇನೆ ಎಂದರು. ನಾನು ಬರೆದೆ. ಒಂಬತ್ತು ಎಲೆಗಳಲ್ಲಿ ಮಚ್ಚೆ ಎದ್ದಿದೆ ಎಂದು ಬರೆದೆ. ಹತ್ತೂ ಎಂದರೆ ಯಾರೂ ನಂಬುವುದಿಲ್ಲವೆಂದು ಒಂದನ್ನು ಬಿಟ್ಟೆ. ಆ ಜಾಣತನ ನೆನೆದರೆ ಈಗಲೂ ಬಾಯಲ್ಲಿ ಕಹಿ ನೀರು ಬರುತ್ತದೆ.

ಸಂಜೆ ಆ ಹಾಳೆ ಅಕ್ಕನ ಕಣ್ಣಿಗೆ ಬಿತ್ತು. ನಿಧಾನವಾಗಿ ಎರಡು ಸಲ ಓದಿದರು.

“ಒಂದು ಎಲೆ ಬಿಟ್ಟಿದೀಯಲ್ಲ, ಅದ್ಯಾವುದು? ತೋರ್ಸು.”

ನಾನು ಸಿರಿಂಜು ತೊಳೆಯತೊಡಗಿದೆ. ಅವರು ಊಟದ ಡಬ್ಬಿ ತೆಗೆದುಕೊಂಡು ಹೊರಟವರು ಮತ್ತೆ ಕೆಲಸಕ್ಕೆ ಬರಲಿಲ್ಲ. ಮಾರನೆಯ ದಿನ ಆ ಡ್ರಮ್ಮುಗಳನ್ನು ಸೋಸಿ, ಸೆಂಟು ಹಾಕಿ ನಾವು ಬಾಟಲಿಗೆ ತುಂಬಿದೆವು.

ಒಂದೂವರೆ ತಿಂಗಳ ಮೇಲೆ ಟೊಮೆಟೊ ಬೆಳೆಯುವ ಹೆಂಗಸೊಬ್ಬರು ಚೀಲ ಹೊತ್ತು ಬಂದು ನಮ್ಮ ಮೆಟ್ಟಿಲ ಮೇಲೆ ಸುರಿದರು. ಎಲೆಗಳು ಕಪ್ಪಾಗಿದ್ದವು. ಕಾಯಿ ಕೊಳೆತು, ಒಡೆದು, ನೀರು ನನ್ನ ಚಪ್ಪಲಿಯತ್ತ ಹರಿಯಿತು. ನಿಮ್ಮ ಔಷಧಿ ಹೇಳಿದಷ್ಟೇ ಹೊಡೆದೆ, ಹೀಗೇಕಾಯಿತು ಎಂದು ಕೇಳಿದರು. ಮಾಲೀಕರು ಊರಲ್ಲಿರಲಿಲ್ಲ. ನಿಜ ಹೇಳಬಹುದಿತ್ತು. ಬಿಸಿಲಿನಲ್ಲಿ ಹೊಡೆದಿರುತ್ತೀರಿ, ಅದಕ್ಕೇ ಹೀಗಾಗಿದೆ ಎಂದೆ. ಅವರು ತಪ್ಪು ತಮ್ಮದೇ ಎಂಬಂತೆ ತಲೆಯಾಡಿಸಿದರು.

“ಇನ್ಮೇಲೆ ಸಂಜೆ ಹೊತ್ತು ಹೊಡಿತೀನಮ್ಮ,” ಎಂದು ಇನ್ನೆರಡು ಬಾಟಲಿ ಕೊಂಡು ಹೋದರು.

ಮೆಟ್ಟಿಲು ತೊಳೆದೆ. ಕೈಗೆ ಸೋಪು ಹಾಕಿ ಹಾಕಿ ಉಜ್ಜಿದೆ. ಆಮೇಲೂ ನಾಲ್ಕು ವರ್ಷ ಅಲ್ಲೇ ಇದ್ದೆ. ನನ್ನ ಹೇಸಿಗೆಯೆಲ್ಲ ಮಾಲೀಕರ ಮೇಲೆ ಎಂದುಕೊಂಡು ದಿನ ದೂಡಿದೆ...

ಬಸ್ಸಿನ ಆ ದಿನ ಜನ್ನಾಪುರದಲ್ಲಿ ಇಳಿದುಬಿಟ್ಟೆ. ಕೇಳಿಕೊಂಡು ಅಕ್ಕನ ಮನೆ ಹುಡುಕಿದೆ. ಬಾಗಿಲು ತೆಗೆದವಳು ಅವರ ಮಗಳು. ಅಕ್ಕ ತೀರಿಕೊಂಡು ಮೂರು ವರ್ಷವಾಗಿತ್ತು. ಕೆಲಸ ಬಿಟ್ಟ ಮೇಲೆ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದರಂತೆ. ನನ್ನ ಹೆಸರು ಹೇಳಿದಾಗ ಮಗಳ ಮುಖ ಅರಳಿತು, ಒಳಗೆ ಕೂರಿಸಿ ಕಾಫಿ ತಂದಿಟ್ಟಳು.

“ಅಮ್ಮ ನಿಮ್ಮ ವಿಷ್ಯ ಹೇಳ್ತಿದ್ರು. ನಾ ಹೇಳ್ಕೊಟ್ಟವ್ರಲ್ಲಿ ಆ ಹುಡ್ಗಿನೇ ಚೆನ್ನಾಗಿ ಕಲ್ತಿದ್ದು ಅಂತ.”

ಅಷ್ಟನ್ನೇ ಹೇಳಿದ್ದರು. ಉಳಿದದ್ದನ್ನು ಮನೆಯವರಿಗೂ ಹೇಳಿರಲಿಲ್ಲ. ಅಕ್ಕನ ಮುಂದೆ ಹೇಳಬೇಕಾಗಿದ್ದದ್ದನ್ನು ನಾನು ಮಗಳ ಮುಂದೆ ಹೇಳಿದೆ, ಒಂದೂ ಬಿಡದೆ. ಆಕೆ ನಾನಿನ್ನೂ ಮುಟ್ಟದಿದ್ದ ಕಾಫಿ ಲೋಟವನ್ನು ಎತ್ತಿಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.