ಮಾಸ್ತರರ ಸಾಕ್ಷಿಗಳು

ಹೋದ ವಾರ ಕುಮಟಾದ ಒಂದು ಮೈದಾನದ ಪಕ್ಕ ನಡೆದು ಬರುತ್ತಿದ್ದೆ. ಹುಡುಗರು ವಾಲಿಬಾಲ್ ಅಂಕಣಕ್ಕೆ ಗೆರೆ ಹಾಕುತ್ತಿದ್ದರು. ಒದ್ದೆ ನೆಲದ ಮೇಲೆ ಬಿದ್ದ ಸುಣ್ಣದ ಪುಡಿಯ ವಾಸನೆ ಮೂಗಿಗೆ ಬಡಿದು ನಮ್ಮ ಡ್ರಿಲ್ ಮಾಸ್ತರರು ನೆನಪಾದರು...

ಅವರು ಯಲ್ಲಾಪುರದ ಕಡೆಯ ಸಿದ್ದಿ ಜನಾಂಗದವರು, ಎಂದೋ ಆಫ್ರಿಕಾದಿಂದ ಬಂದವರ ಪೀಳಿಗೆ. ಕಡುಗಪ್ಪು ಮೈ, ಒತ್ತಾದ ಗುಂಗುರು ಕೂದಲು, ಮೈದಾನದ ಆಚೆ ತುದಿಗೂ ಕೇಳುವ ನಗು. ನಮ್ಮೂರ ಹೈಸ್ಕೂಲಿಗೆ ಬಂದ ವರ್ಷವೇ ಹುಡುಗಿಯರ ತಂಡ ಕಟ್ಟಿದರು. ಮೀನುಬುಟ್ಟಿ ಹೊತ್ತು ಗಟ್ಟಿಯಾದ ನಮ್ಮ ತೋಳುಗಳನ್ನು ಮೆಚ್ಚಿದ ಮೊದಲಿಗರು ಅವರು. ಚೆಂಡು ಬಲೆಗೆ ಬಡಿದರೆ ಬೈಯುತ್ತಿರಲಿಲ್ಲ. "ಬಲೆಗೆ ಬೀಳೂದು ಮೀನು, ಚೆಂಡಲ್ಲ" ಎಂದು ತಾವೇ ಮೊದಲು ನಗುತ್ತಿದ್ದರು.

ನಾನು ಹತ್ತನೇ ತರಗತಿಯಲ್ಲಿದ್ದಾಗ ಒಂದು ಮುಸ್ಸಂಜೆ ಪೇಟೆಯಲ್ಲಿ ವಯಸ್ಸಾದ ಹೆಂಗಸೊಬ್ಬರ ಸರ ಕಿತ್ತುಕೊಂಡು ಯಾರೋ ಓಡಿದರು. ಏನೋ ಕಪ್ಪಗೆ ಕಂಡಿತು ಎಂದಷ್ಟೇ ಆ ಅಮ್ಮ ಹೇಳಿದ್ದು. ಪೊಲೀಸರು ಸೀದಾ ಬಂದದ್ದು ಮಾಸ್ತರರ ಬಾಡಿಗೆ ಮನೆಗೆ. ಠಾಣೆಯಲ್ಲಿ ಅವರೊಬ್ಬರನ್ನೇ ನಿಲ್ಲಿಸಿ, ಇವನೇ ಅಲ್ಲವೇ ಎಂದು ಕೇಳಿದರು. ಆ ಅಮ್ಮ ಹೆದರಿ ತಲೆಯಾಡಿಸಿದರು.

ಸರ ಕಿತ್ತ ಆ ಹೊತ್ತಿಗೆ ಮಾಸ್ತರರು ಕುಮಟಾದ ಪಂದ್ಯದಲ್ಲಿ ನಮ್ಮ ಜೊತೆ ಇದ್ದರು. ನಾವು ಕೋರ್ಟಿನಲ್ಲಿ ನಿಂತು ಹೇಳಿದೆವು. ಮಕ್ಕಳು ಮಾಸ್ತರರ ಮೇಲಿನ ಪ್ರೀತಿಗೆ ಹಾಗೆ ಹೇಳುತ್ತಾರೆ ಎಂದು ತಳ್ಳಿಹಾಕಿದರು. ಶಿಕ್ಷೆಯಾಯಿತು. ಆ ಜನವೇ ಹಾಗೆ ಎಂದು ಊರಿನ ಕೆಲವರು ಮಾತಾಡಿಕೊಂಡರು. ನಮ್ಮ ತಂಡ ಚದುರಿಹೋಯಿತು...

ಮೇಲ್ಮನವಿ ಇನ್ನೂ ನಡೆಯುತ್ತಿದ್ದಾಗ ಭಟ್ಕಳದಲ್ಲಿ ಬೇರೆ ಕಳವಿಗೆ ಸಿಕ್ಕಿಬಿದ್ದವನ ಹತ್ತಿರ ಆ ಸರ ಸಿಕ್ಕಿತು. ಆಸಾಮಿ ಬೆಳ್ಳಗಿದ್ದ, ಕೂದಲು ನೆಟ್ಟಗಿತ್ತು. ಆ ಅಮ್ಮ ತಾವಾಗಿಯೇ ಕೋರ್ಟಿಗೆ ಹೋಗಿ, "ನಾನು ಮುಖ ಕಾಣಲೇ ಇಲ್ಲ. ಕಪ್ಪು ಕಂಡದ್ದು ಅಂಗಿ" ಎಂದರು. ಶಿಕ್ಷೆ ರದ್ದಾಯಿತು.

ಮಾಸ್ತರರು ಜೈಲಿನಿಂದ ಬರುವ ದಿನ ಅವರ ನೆಂಟರೆಲ್ಲ ಲಾರಿ ಮಾಡಿಕೊಂಡು ಶಾಲೆಯ ಮೈದಾನಕ್ಕೆ ಬಂದಿದ್ದರು. ಡಮಾಮಿ ಡೋಲು ಬಾರಿಸುತ್ತ ಹೆಂಗಸರು ಹಾಡತೊಡಗಿದರು. ಪೇಟೆಯಿಂದ ಬಂದ ನಮ್ಮ ಅಮ್ಮಂದಿರು ಬುಟ್ಟಿ ಕೆಳಗಿಟ್ಟು ಕುಣಿತಕ್ಕೆ ಸೇರಿದರು. ಹೊನ್ನಾವರದ ಕಾಲೇಜಿನಿಂದ ನಾವೂ ಓಡಿಬಂದೆವು. ತೆಳ್ಳಗಾಗಿದ್ದ ಮಾಸ್ತರರು ಚಪ್ಪಲಿ ಬಿಟ್ಟು ನಡುವೆ ನಿಂತು ಕುಣಿದರು. ಆ ನಗು ಮಾತ್ರ ಹಾಗೇ ಇತ್ತು.

ಸರದ ಅಮ್ಮನೂ ಬಂದಿದ್ದರು. ಬೇಲಿಯ ಹತ್ತಿರ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಿಂತಿದ್ದರು. ಡೋಲು ನಿಂತಿತು. ಮಾಸ್ತರರು ಹೋಗಿ ಅವರ ಕೈ ಹಿಡಿದು ಅಂಕಣಕ್ಕೆ ಕರೆತಂದು ಚೆಂಡು ಕೊಟ್ಟರು. ಮೊದಲ ಸರ್ವಿಸು ಅವರದಂತೆ. ಚೆಂಡು ಅವರ ಕಾಲ ಬುಡದಲ್ಲೇ ಬಿತ್ತು. ಮಾಸ್ತರರು ಸೀಟಿ ಊದಿದರು.

"ಎಂತ ಆಗೂದಿಲ್ಲ ಅಮ್ಮಾ. ಇನ್ನೊಂದು ಸಲ ಹೊಡೀರಿ."

ಆಕೆ ಅಳುತ್ತಲೇ ನಕ್ಕರು. ಮೈದಾನಕ್ಕೆ ಮೈದಾನವೇ ನಕ್ಕಿತು. ಅಷ್ಟು ಸಂತೋಷದ ಸಂಜೆಯನ್ನು ನಾನು ಆಮೇಲೆ ಕಂಡಿಲ್ಲ.

ಕೆಲಸ ಮರಳಿ ಸಿಕ್ಕಿತು, ತಂಡ ಮತ್ತೆ ಕಟ್ಟಿದರು. ನಿವೃತ್ತರಾಗಿ ಹೊನ್ನಾವರದಲ್ಲಿ ನೆಲೆಸಿದರು. ಜೈಲಿನ ಮಾತು ಎತ್ತುತ್ತಿರಲಿಲ್ಲ. ಒಂದು ಹೊಸ ಅಭ್ಯಾಸ ಮಾತ್ರ ಅಂಟಿಕೊಂಡಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿಂದ ಏಳುವಾಗಲೂ ಗಡಿಯಾರ ತೋರಿಸಿ, ನಾನು ಈ ಹೊತ್ತಿಗೆ ಇಲ್ಲಿದ್ದೆ, ನೆನಪಿರಲಿ ಎನ್ನುತ್ತಿದ್ದರು. ಕೇಳಿದವರೆಲ್ಲ ನಗುತ್ತಿದ್ದರು, ಅವರೂ ನಗುತ್ತಿದ್ದರು. ತಮಾಷೆಯೆಂದೇ ನಾನು ಬಹುಕಾಲ ಅಂದುಕೊಂಡಿದ್ದೆ...

ಎರಡು ಮಳೆಗಾಲದ ಹಿಂದೆ ಅವರು ತೀರಿಕೊಂಡರು. ಮೊನ್ನೆ ಅವರು ದಿನವೂ ಕೂರುತ್ತಿದ್ದ ಚಹದಂಗಡಿಗೆ ಹೋಗಿ ಅವರ ವಿಷಯ ಎತ್ತಿದೆ. ಅಂಗಡಿಯವರು ಲೋಟ ತೊಳೆಯುವುದನ್ನು ನಿಲ್ಲಿಸಿದರು.

"ದಿನಾ ಗಡಿಯಾರ ನೋಡಿ ನೆನಪಿಟ್ಕಂತಿದ್ದೆ ತಂಗಿ" ಎಂದರು. "ಯಾರೂ ಕೇಳೂಕೆ ಬರ್ಲಿಲ್ಲ."