ನಾಯನನ ಬಾವಿಯ ಸೀಮೆಎಣ್ಣೆ

ಆ ಕಾಲದಲ್ಲಿ ಮುಳಬಾಗಿಲಿನ ನಮ್ಮ ಬೀದಿಗೆ ಕತ್ತಲಾಯಿತೆಂದರೆ ಸೀಮೆಎಣ್ಣೆಯ ಬುಡ್ಡಿಯೇ ಗತಿ. ಬೆಳಗ್ಗೆ ಎದ್ದಾಗ ಮೂಗಿನ ಹೊಳ್ಳೆಗಳೆಲ್ಲ ಕಪ್ಪಾಗಿರುತ್ತಿದ್ದವು. ಆ ವಾಸನೆ ಬೇರೆಯವರಿಗೆ ಹೇಸಿಗೆ, ನನಗೆ ಜಂಬ. ನಾಯನ, ಅಂದರೆ ನಮ್ಮ ಅಪ್ಪ, ಬರ್ಮಾದಲ್ಲಿ ಎಣ್ಣೆ ಬಾವಿ ಕೊರೆಯುತ್ತಿದ್ದರು. ಮೊದಲು ಚಿನ್ನದ ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದ ಅವರನ್ನು ಬರ್ಮಾದಲ್ಲಿ ಕೂಲಿ ಜಾಸ್ತಿಯೆಂದು ಹೇಳಿ ಒಬ್ಬ ಮೇಸ್ತ್ರಿ ಹಡಗು ಹತ್ತಿಸಿದ್ದ.

"ಅಲ್ಲಿ ಬಾವೀಲಿ ನೀರು ಬಂದ್ರೆ ದೊರೆ ಬೈತಾನೆ ಕಣೇ," ಎಂದು ರಜೆಗೆ ಬಂದಾಗ ಹೇಳಿದ್ದರು. ನೀರಿಗೆ ಬಾಯಿಬಿಡುವ ನಮ್ಮೂರಿನಲ್ಲಿ ಅದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕಿದ್ದೆ.

ಬುಡ್ಡಿಗೆ ಎಣ್ಣೆ ಹೊಯ್ಯುವಾಗ ಅಮ್ಮ, "ಚೆಲ್ಲಬೇಡ, ನಿಮ್ಮ ನಾಯನ ಕಳಿಸಿದ್ದು," ಎನ್ನುತ್ತಿದ್ದಳು. ಅವಳು ತಮಾಷೆಗೆ ಹೇಳುತ್ತಿದ್ದಳೋ ಏನೋ, ನಾನು ನಂಬಿದ್ದೆ. ಕರೀಂ ಸಾಬರ ಅಂಗಡಿಯಲ್ಲಿ ಎಣ್ಣೆ ಇದ್ದರೆ ನಾಯನ ಚೆನ್ನಾಗಿದ್ದಾರೆಂದೇ ಅರ್ಥ.

ಜಪಾನಿನವರು ಬರ್ಮಾಕ್ಕೆ ನುಗ್ಗಿದ ಮೇಲೆ ಅಂಗಡಿಯ ಡಬ್ಬ ಖಾಲಿಯಾಯಿತು. ಮಳೆಗಾಲ ಕಳೆದು, ಅಲ್ಲಿಂದ ನಡೆದೇ ಬಂದಿದ್ದ ನಾಯನನ ಜೊತೆಗಾರರೊಬ್ಬರು ನಮ್ಮ ಜಗಲಿಯ ಮೇಲೆ ಬಂದು ಕೂತರು. ಶತ್ರುವಿಗೆ ಸಿಗಬಾರದೆಂದು ದೊರೆಗಳೇ ಬಾವಿಗಳನ್ನು ಕೆಡಿಸಿ, ಎಣ್ಣೆಗೆ ಬೆಂಕಿ ಇಟ್ಟರಂತೆ.

"ಇಬ್ರೂ ಒಟ್ಗೇ ಹೊರಟ್ವಮ್ಮ. ಕಾಡಲ್ಲಿ ಅವರಿಗೆ ಜ್ವರ ಬಂತು. ನೀನು ನಡಿ, ಬರ್ತೀನಿ ಅಂದ್ರು. ಆಮೇಲೆ ಕಾಣಲಿಲ್ಲ."

ಅಮ್ಮ ಅವರಿಗೆ ಮುದ್ದೆ ಬಡಿಸಿದಳು. "ಇನ್ನೊಂಚೂರು ಹುರಳಿ ಸಾರು ಹಾಕ್ಲಾ?" ಎಂದು ಕೇಳಿದಳು. ನಾನು ಹುಣಸೆಬೀಜದ ಆಟ ಆಡುತ್ತಲೇ ಇದ್ದೆ. ನಮ್ಮಿಬ್ಬರಿಗೂ ಏನೂ ಅನ್ನಿಸಲಿಲ್ಲ.

ದೊಡ್ಡಪ್ಪ ತಿಥಿ ಕಾರ್ಯದ ಮಾತೆತ್ತಿದಾಗ ಅಮ್ಮ ಒಪ್ಪಲಿಲ್ಲ. "ಬಾವಿ ಕೆಟ್ಟಿದೆ ಭಾವ, ಅಷ್ಟೇ. ಸರಿಹೋದ್ರೆ ಎಣ್ಣೆ ಬರ್ತದೆ. ಆಗ ಗೊತ್ತಾಗ್ತದೆ." ಅವಳೂ ನನ್ನಂತೆಯೇ ನಂಬಿದ್ದಾಳೆಂದು ನನಗೆ ತಿಳಿದದ್ದು ಆಗಲೇ. ಅಲ್ಲಿಂದ ಮುಂದೆ ಹೊಂಗೆ ಎಣ್ಣೆಯ ದೀಪ, ಅದರ ಕಮಟು ಹೊಗೆ, ಕುಂಕುಮ ಹಚ್ಚಿಕೊಂಡು ಕಾಯುವ ಅಮ್ಮ.

ಕರೀಂ ಸಾಬರ ಅಂಗಡಿಗೆ ಕಂಟ್ರೋಲಿನಲ್ಲಿ, ಅಂದರೆ ರೇಷನ್ ಲೆಕ್ಕದಲ್ಲಿ, ಮತ್ತೆ ಸೀಮೆಎಣ್ಣೆ ಬಂತೆಂಬ ಸುದ್ದಿ ಕೇಳಿ ನಾನು ಮನೆಗೆ ಓಡಿದೆ. ಅಮ್ಮ ಮುಖ ತೊಳೆದು, ಹೂ ಮುಡಿದು, ಸೀಸೆ ಹಿಡಿದು ತಾನೇ ಹೊರಟಳು.

"ನಮ್ಮೋರ ಬಾವಿ ಸರಿಹೋಯ್ತಾ ಸಾಬ್ರೇ?"

ಕರೀಂ ಸಾಬರು ಎಣ್ಣೆ ಅಳೆಯುವುದನ್ನು ನಿಲ್ಲಿಸಿದರು. "ಇದು ಇರಾನ್ ಕಡೇದಂತಮ್ಮ. ಬರ್ಮಾದು ಇನ್ನೆಲ್ಲಿ."

ಅಮ್ಮ ಸೀಸೆ ತುಂಬಿಸಿಕೊಂಡಳು. ನೇರ ದೊಡ್ಡಪ್ಪನ ಮನೆಗೆ ಹೋಗಿ, "ಅಯ್ನೋರ್ನ ಕರೆಸಿ ಭಾವ, ಕಾರ್ಯ ಮಾಡಿಬಿಡೋಣ," ಎಂದಳು. ಅಲ್ಲಿಯೂ ಅವಳು ಅಳಲಿಲ್ಲ.

ಈಗ ಸ್ವಿಚ್ ಒತ್ತಿದರೆ ಬೆಳಕು. ನಾಯನನದು ಒಂದೂ ಫೋಟೋ ಇಲ್ಲ, ಮುಖ ನನಗೆ ಮರೆತೇ ಹೋಗಿದೆ. ಹೇಗಿದ್ದರೆಂದು ಅಮ್ಮನನ್ನು ಕೇಳಬಹುದಿತ್ತು. ಬಹಳ ವರ್ಷ ಒಂದೇ ಮನೆಯಲ್ಲಿ ಬಾಳಿದೆವು. ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.