ಸೆಕೆಂಡ್ ಗೇರಿನ ಗುಟ್ಟು

ನಮ್ಮ ಹಳೇ ಪಿಕಪ್ಪಿನ ಗೇರ್ ರಾಡ್ ಎರಡು ವರ್ಷದಿಂದ ಸಡಿಲವಾಗಿತ್ತು. ಸಡಿಲ ಅಂದರೆ ಅಷ್ಟಿಷ್ಟಲ್ಲ, ಸಾಂಬಾರಿನ ಪಾತ್ರೆಯಲ್ಲಿ ಬಿಟ್ಟ ಸೌಟಿನ ಹಾಗೆ ಬೇಕಾದ ಕಡೆಗೆಲ್ಲ ವಾಲುತ್ತಿತ್ತು. ಸೆಕೆಂಡ್ ಬೀಳಬೇಕಾದರೆ ಅದನ್ನು ಸ್ವಲ್ಪ ಮೇಲಕ್ಕೆತ್ತಿ, ಪಕ್ಕದ ಸೀಟಿನ ಕಡೆಗೆ ಒತ್ತಿ, ಒಂದು ಗಳಿಗೆ ತಡೆದು ಎಳೆಯಬೇಕು. ಈ ವಿದ್ಯೆ ನನ್ನ ಗಂಡನಿಗೆ ಮಾತ್ರ ಗೊತ್ತು. ರಿಪೇರಿ ಮಾಡಿಸಿ ಎಂದರೆ, "ಸೋಮವಾರ ನೋಡುವ" ಎನ್ನುತ್ತಿದ್ದರು. ಎಷ್ಟು ಸೋಮವಾರ ಬಂದು ಹೋದವೋ ದೇವರಿಗೇ ಗೊತ್ತು.

ಭಾಂಡುಪ್‌ನ ಮನೆಯಲ್ಲಿ ಅಡುಗೆ ಮಾಡಿ ಸಮಾರಂಭಗಳಿಗೆ ತಲುಪಿಸುವುದು ನಮ್ಮ ಕೆಲಸ. ನನಗೂ ಲೈಸೆನ್ಸ್ ಇದೆ, ಆದರೆ ಆ ಗಾಡಿಯನ್ನು ಮುಟ್ಟಲು ಬಿಟ್ಟವರು ಯಾರು? ಹೀಗಿರುವಾಗ ಪವಾಯಿಯಲ್ಲಿ ಒಂದು ನಾಮಕರಣ, ಭಾನುವಾರ ಬೆಳಿಗ್ಗೆ ಎಂಬತ್ತು ಜನರಿಗೆ ತಿಂಡಿ ಎಂದು ಒಪ್ಪಿಕೊಂಡೆವು. ಗುರುವಾರ ಇವರ ಎಡ ಭುಜ ಹಿಡಿದುಕೊಂಡಿತು. ಒಂದು ತಿಂಗಳು ಗಾಡಿ ಓಡಿಸಬಾರದು ಎಂದರು ಡಾಕ್ಟರು. ಶುಕ್ರವಾರ ಬಾಡಿಗೆ ಡ್ರೈವರ್ ಒಬ್ಬನನ್ನು ಕರೆಸಿದೆ. ಅವನು ಮೂರು ಸಲ ರಾಡ್ ಕಲಸಿ, "ಆಂಟೀ, ಯೇ ಗಾಡೀ ಹೈ ಯಾ ಖಿಚಡೀ?" ಎಂದು, ಅದು ಗಾಡಿಯೋ ಕಿಚಡಿಯೋ ಗೊತ್ತಾಗದವನಂತೆ, ಇಳಿದು ಹೋದ.

ಶನಿವಾರ ಇವರು ಸ್ನಾನಕ್ಕೆ ಹೋದಾಗ ನಾನೇ ಕೀ ತೆಗೆದುಕೊಂಡೆ. ಸೆಕೆಂಡ್ ನನಗೆ ಸಿಗಲಿಲ್ಲ. ಗ್ಯಾರೇಜಿನವರೆಗೂ ಫಸ್ಟ್ ಗೇರಿನಲ್ಲೇ ಗರ್ ಗರ್ ಎನ್ನಿಸಿಕೊಂಡು ಹೋದೆ. ಹಿಂದಿನ ಆಟೋದವರ ಬಾಯಲ್ಲಿ ಏನೇನು ಕೇಳಬೇಕೋ ಅದನ್ನೆಲ್ಲ ಕೇಳಿಯಾಯಿತು.

ಮೆಕ್ಯಾನಿಕ್ ರಾಡಿನ ಬುಡದ ರಬ್ಬರ್ ಎತ್ತಿ ನೋಡಿ ನಕ್ಕ. "ವಹಿನಿ, ಒಳಗಿನ ಪ್ಲಾಸ್ಟಿಕ್ ಬುಷ್ ಸವೆದಿದೆ ಅಂತ ಎರಡು ವರ್ಷದ ಹಿಂದೆಯೇ ಹೇಳಿದ್ದೆ. ಹೊಸದೂ ಕೊಟ್ಟಿದ್ದೆ. ಮನೆಯಲ್ಲೇ ಹಾಕಿಕೊಳ್ಳುತ್ತೇನೆ ಅಂದಿದ್ದರಲ್ಲ ಭಾವು?" ಎಂದ. ಭಾವು ಎಂದರೆ ನಮ್ಮ ಇವರೇ.

ಡ್ಯಾಶ್‌ಬೋರ್ಡಿನ ಡಬ್ಬಿ ತೆಗೆದೆ. ಕಾಗದಗಳ ಅಡಿಯಲ್ಲಿ, ಕವರ್ ಕೂಡ ಒಡೆಯದೆ, ಬುಷ್ ಇತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

ಅವನು ಅದನ್ನು ಕೂರಿಸಿ ಗ್ರೀಸ್ ಹಚ್ಚುವಷ್ಟು ಹೊತ್ತು ಸ್ಟೂಲಿನ ಮೇಲೆ ಕುಳಿತು ಹಲ್ಲು ಕಡಿಯುತ್ತಿದ್ದೆ. ಇವರು ಅದನ್ನು ಯಾಕೆ ಹಾಕಲಿಲ್ಲ ಎಂಬುದು ಆಗಲೇ ತಲೆಗೆ ಹೊಳೆದದ್ದು. ಇವರು ಮೊದಲು ಚೆಂಬೂರಿನ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವರಾಗಿದ್ದರು. ಹಳೇ ಅಡುಗೆಯವರೆಲ್ಲರ ಹಾಗೆ ಗೋಡೆ ಕಡೆಗೆ ತಿರುಗಿ ಮಸಾಲೆ ಹಾಕುತ್ತಿದ್ದರಂತೆ, ಅಳತೆ ಯಾರಿಗೂ ಕಾಣದಂತೆ. ಕೊನೆಗೊಮ್ಮೆ ಹೋಟೆಲಿನ ಮಾಲೀಕ ಸೇಠ್ ಕೇಳಿದರೆಂದು ಕೈಕೆಳಗಿನವನಿಗೆ ಎಲ್ಲ ಹೇಳಿಕೊಟ್ಟರು. ಆರು ತಿಂಗಳಿಗೆ ಸೇಠ್, "ನಿಮಗೂ ವಯಸ್ಸಾಯ್ತು, ವಿಶ್ರಾಂತಿ ತೆಗೊಳ್ಳಿ" ಎಂದರು. ಆಮೇಲೆ ನಾವು ಈ ಪಿಕಪ್ ಕೊಂಡದ್ದು.

ಮನೆಗೆ ಬಂದವಳೇ ನೇರ ಅಡುಗೆಮನೆಗೆ ಹೋದೆ. ಇಡ್ಲಿಗೆ ಅರೆಯುವುದಿತ್ತು, ಜಗಳಕ್ಕೆ ಪುರುಸೊತ್ತು ಎಲ್ಲಿ?

ಭಾನುವಾರ ಬೆಳಿಗ್ಗೆ ನಾನು ಸ್ಟೀರಿಂಗ್ ಹಿಡಿದೆ, ಇವರು ಪಕ್ಕದಲ್ಲಿ ಕುಳಿತರು. ಸೆಕೆಂಡ್ ಒಂದೇ ಬೆರಳಿಗೆ ಬಿತ್ತು. ಇವರು ಅದನ್ನು ನೋಡಿದರು. ಸಿಗ್ನಲ್‌ನಲ್ಲಿ ನಿಂತಾಗ ಹೊರಗೆ ನೋಡುತ್ತಾ ಮೆಲ್ಲಗೆ, "ಸರಿ. ಇನ್ನು ನಾನು ಬೇಕಂತಿಲ್ಲ ನಿನಗೆ" ಎಂದರು.

ಎರಡು ವರ್ಷದ ಸಿಟ್ಟೆಲ್ಲ ಒಟ್ಟಿಗೇ ಬಂತು. "ನಾನು ನಿಮ್ಮ ಸೇಠ್ ಅಲ್ಲ ಮಾರಾಯ್ರೆ, ಹೆಂಡತಿ!" ಎಂದು ಕಿರುಚಿದೆ. ಕಿರುಚಿದ ಮೇಲೆ ನನಗೇ ಅಳು ಬಂತು.

ಹಸಿರು ಬಿತ್ತು. ನಾನು ಗಾಡಿ ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆದೇ ಹೊಡೆದರು. ಕೊನೆಗೆ ಇವರು ಈ ಕಡೆ ತಿರುಗಿ, "ಹೋಗು ಮಾರಾಯ್ತಿ, ನಾಮಕರಣದವರೆಲ್ಲ ಹಸಿದು ಕೂತಿದ್ದಾರೆ" ಎಂದರು.